ಮೂರನೇ ದಿಂಬು

"ದಮ್ಮು ಗಿಮ್ಮು ಏನೂ ಇಲ್ಲ ಕಣೋ" ಎನ್ನುತ್ತಿದ್ದರು ನಮ್ಮ ಸೋದರತ್ತೆ. ಸುಳ್ಳೇನಲ್ಲ. ಬಟ್ಟೆ ಒಣಹಾಕಲು ತಾರಸಿ ಹತ್ತುವುದನ್ನು ಬಿಟ್ಟು ವರ್ಷವಾಗಿತ್ತು, ದೇವಸ್ಥಾನಕ್ಕೆ ಆಟೊ ಹಿಡಿಯುತ್ತಿದ್ದರು. ಮೆಟ್ಟಿಲೇ ಹತ್ತದವರಿಗೆ ಏದುಸಿರು ಎಲ್ಲಿಂದ ಬರಬೇಕು? ಮಂಚದ ಮೇಲೆ ಮಾತ್ರ ಒಂದಿದ್ದ ದಿಂಬು ಎರಡಾಗಿ, ಮೂರಾಗಿತ್ತು.

ಅವರಿಗೆ ಹದಿನೈದು ವರ್ಷದಿಂದ ಬಿಪಿ. ಗುಳಿಗೆ ನುಂಗುತ್ತಿದ್ದದ್ದು ತಲೆ ಸುತ್ತಿದ ದಿನ.

ಬಿಪಿ ಏರಿಯೇ ಇದ್ದರೆ ಹೃದಯದ ಎಡಗಡೆಯ ಕೆಳಕೋಣೆ ಎದುರೊತ್ತಡಕ್ಕೆ ದುಡಿದು ದುಡಿದು ಪೈಲ್ವಾನನ ತೋಳಿನಂತೆ ದಪ್ಪಗಾಗುತ್ತದೆ. ಆದರೆ ಈ ದಪ್ಪ ಕಸುವಲ್ಲ, ಬಿಗಿತ. ಹೃದಯಕ್ಕೆ ಹಿಂಡುವುದೊಂದೇ ಕೆಲಸವಲ್ಲ; ಎರಡು ಬಡಿತಗಳ ನಡುವೆ ಸಡಿಲಗೊಂಡು ರಕ್ತ ತುಂಬಿಕೊಳ್ಳಲೂ ಬೇಕು. ಗೋಡೆ ಸೆಟೆದರೆ ಒಳಬರಬೇಕಾದ ರಕ್ತದ ಒತ್ತಡ ಹಿಂದಕ್ಕೆ, ಶ್ವಾಸಕೋಶದವರೆಗೂ ಏರುತ್ತದೆ. ಮೆಟ್ಟಿಲು ಹತ್ತುವಾಗ ಬಡಿತ ಜೋರಾಗಿ ತುಂಬಿಕೊಳ್ಳುವ ಬಿಡುವು ಇನ್ನೂ ಕಿರಿದು. ಮಲಗಿದರೋ, ಕಾಲಿನಲ್ಲಿದ್ದ ರಕ್ತ ಎದೆಯತ್ತ ಮರಳುತ್ತದೆ. ಮೂರನೇ ದಿಂಬು ಬಂದದ್ದು ಅದಕ್ಕೆ.

ಎಕೋ ಮಾಡಿಸಿದರೆ 'ಪಂಪಿಂಗ್ ಚೆನ್ನಾಗಿದೆ' ಎಂದು ಬರಬಹುದು. ಮನೆಮಂದಿಯನ್ನು ಇಷ್ಟು ಸುಲಭವಾಗಿ ಸುಮ್ಮನಾಗಿಸುವ ಮಾತು ಬೇರೆ ಇಲ್ಲ. ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ಪಾಲು ಶೇ 50ಕ್ಕಿಂತ ಹೆಚ್ಚಿದ್ದೂ ಹೃದಯ ಸೋತಿರಬಹುದು. ಬಿಪಿ ಇರುವ ವಯಸ್ಸಾದ ಹೆಂಗಸರಲ್ಲಿ ಇದು ಅಪರೂಪವಲ್ಲ. ಹಾಗಂತ ಎಲ್ಲ ಏದುಸಿರೂ ಹೃದಯದ್ದಲ್ಲ. ರಕ್ತಹೀನತೆ, ಅಸ್ತಮಾ, ಎಷ್ಟೋ ವರ್ಷ ಕುಡಿದ ಒಲೆಯ ಹೊಗೆ, ಎಲ್ಲವನ್ನೂ ನೋಡಬೇಕು. ಅಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್‌ನಂಥ ಬಿಪಿ ಮಾತ್ರೆಯೇ ಉಸಿರು ಕಟ್ಟಿಸೀತು. ಎನಾಲಾಪ್ರಿಲ್ ಗುಂಪಿನವು ಕೆಲವರಿಗೆ ಒಣಕೆಮ್ಮು ತರುತ್ತವೆ. ಡಾಕ್ಟರಿಗೆ ಹೇಳಿದರೆ ಬದಲಿಸುತ್ತಾರೆ, ನಾವೇ ನಿಲ್ಲಿಸುವುದು ಬೇಡ.

ಅತ್ತೆಯ ಗುಟ್ಟು ಬಯಲಾದದ್ದು ಯಂತ್ರದಿಂದಲ್ಲ, ಒಂದು ಕಾರಿಡಾರಿನಲ್ಲಿ. ಆರು ನಿಮಿಷದ ನಡಿಗೆ ಪರೀಕ್ಷೆ: 30 ಮೀಟರ್ ಉದ್ದ, ಎರಡೂ ತುದಿಗೆ ಒಂದೊಂದು ಕೋನ್. ಓಡುವಂತಿಲ್ಲ, ಸುಸ್ತಾದರೆ ನಿಲ್ಲಬಹುದು. ಎಷ್ಟು ದೂರ ನಡೆದಿರಿ ಎಂಬುದಷ್ಟೇ ಲೆಕ್ಕ. ನಾಲ್ಕನೇ ನಿಮಿಷಕ್ಕೆ ಅತ್ತೆ ಗೋಡೆ ಹಿಡಿದರು. ಸೆರಗಿನಿಂದ ಮುಖ ಒರೆಸಿಕೊಂಡು, "ಚಪ್ಪಲಿ ಕಚ್ಚುತ್ತೆ" ಎಂದರು. ಏಳು ಸಲ ಹಾದಿದ್ದರು, 210 ಮೀಟರ್. 'ಉಸಿರಾಡಲು ಕಷ್ಟವೇ?' ಎಂದು ಇಷ್ಟು ದಿನ ಕೇಳಿದ್ದೇ ನಮ್ಮ ತಪ್ಪು. ಏನೇನು ಬಿಟ್ಟಿದ್ದೀರಿ ಎಂದು ಕೇಳಬೇಕಿತ್ತು.

ಈಗ ಗುಳಿಗೆ ತಪ್ಪುವುದಿಲ್ಲ. ಉಪ್ಪಿನಕಾಯಿ ಭರಣಿ ಅಟ್ಟ ಸೇರಿದೆ; ಅದಕ್ಕೆ ಅವರು ನನ್ನನ್ನು ಕ್ಷಮಿಸಿಲ್ಲ. ಸಂಜೆ ಬೀದಿಯ ತಿರುವಿನವರೆಗೆ ನಡಿಗೆ. ಮೊನ್ನೆ ಹೋದಾಗ ಉಸಿರಿನ ಸುದ್ದಿ ಎತ್ತದೆ ಮಂಚದತ್ತ ಕಣ್ಣು ಹಾಯಿಸಿದೆ. ತಲೆಯ ಕಡೆ ಎರಡು ದಿಂಬು. ಮೂರನೆಯದರ ಮೇಲೆ ಬೆಕ್ಕು ಮಲಗಿತ್ತು.