ಅನಂತಪುರದ ಬಯಲಲ್ಲಿ ಒಂದು ಚಿಕ್ಕ ವಿಶ್ವವಿದ್ಯಾಲಯ

ಆಂಧ್ರಪ್ರದೇಶದ ಹಿಂದೂಪುರ, ಕಲ್ಯಾಣದುರ್ಗಗಳ ಕಾಲೇಜುಗಳಲ್ಲಿ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದಿದವರ ಅಂಕಪಟ್ಟಿಯ ಮೇಲೆ ಸಾಮಾನ್ಯವಾಗಿ ಕಾಣುವ ಹೆಸರು ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ. ಆಡುಮಾತಿನಲ್ಲಿ ಎಲ್ಲರಿಗೂ ಅದು ‘ಎಸ್‌ಕೆಯು’. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯ 1968ರಲ್ಲಿ ಅನಂತಪುರದಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರವೇ ಇದರ ಬೇರು. 1981ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಒಂದು ಕಾಲಕ್ಕೆ ಕರ್ನೂಲು ಜಿಲ್ಲೆಯ ಕಾಲೇಜುಗಳೂ ಇದರ ವ್ಯಾಪ್ತಿಯಲ್ಲಿದ್ದವು. 2008ರಲ್ಲಿ ಕರ್ನೂಲಿಗೆ ರಾಯಲಸೀಮಾ ವಿಶ್ವವಿದ್ಯಾಲಯ ಬಂದಮೇಲೆ ಅವು ಅತ್ತ ಹೋದವು, ಉಳಿದದ್ದು ಅನಂತಪುರ ಜಿಲ್ಲೆ. 2022ರ ಏಪ್ರಿಲ್‌ನಲ್ಲಿ ಆ ಜಿಲ್ಲೆಯೂ ಎರಡಾಗಿ, ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು.

ಎರಡೂ ಊರುಗಳು ಕರ್ನಾಟಕದ ಗಡಿಯಿಂದ ದೂರವಿಲ್ಲ. ಹಿಂದೂಪುರದಿಂದ ಗೌರಿಬಿದನೂರು ಹತ್ತಿರ, ಕಲ್ಯಾಣದುರ್ಗದಿಂದ ಪಾವಗಡ ಹತ್ತಿರ. ಪಕ್ಕದ ಮಡಕಶಿರಾ, ರಾಯದುರ್ಗ ಭಾಗಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಎಂಬುದು ಇಲ್ಲಿನವರಿಗೆ ವಿಶೇಷವೇನಲ್ಲ. ತೊಡಕು ಎದುರಾಗುವುದು ಪದವಿ ತರಗತಿಯಲ್ಲಿ. ಆಂಧ್ರ ಸರ್ಕಾರ 2021–22ರಿಂದ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ಕಡ್ಡಾಯ ಮಾಡಿತು. ತೆಲುಗಿನಲ್ಲಿ ಓದಿ ಬಂದವರಿಗೇ ಇದು ಏರುದಾರಿ. ಕನ್ನಡದಲ್ಲಿ ಓದಿ, ನಡುವೆ ತೆಲುಗಿಗೆ ಹೊಂದಿಕೊಂಡು, ಮತ್ತೆ ಇಂಗ್ಲಿಷಿಗೆ ಹೊರಳಬೇಕಾದವರ ಪಾಡು ಇನ್ನೂ ಕಷ್ಟದ್ದು.

ಅದೇ ಹೊತ್ತಿಗೆ ಬಂದ ಇನ್ನೊಂದು ಬದಲಾವಣೆ ಮಾತ್ರ ಹಳ್ಳಿಯ ವಿದ್ಯಾರ್ಥಿಗಳ ಪರವಾಗಿದೆ. ಪದವಿಯೊಳಗೇ ಹತ್ತು ತಿಂಗಳ ಇಂಟರ್ನ್‌ಶಿಪ್ ಸೇರಿತು. ಅದರ ಮೊದಲ ಕಂತು ಎರಡು ತಿಂಗಳ ಸಮುದಾಯ ಸೇವಾ ಯೋಜನೆ: ವಿದ್ಯಾರ್ಥಿ ಒಂದು ಊರನ್ನು ಆರಿಸಿಕೊಂಡು, ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿ, ಅಲ್ಲಿನ ಒಂದು ಸಮಸ್ಯೆಯ ಮೇಲೆ ವರದಿ ಬರೆಯಬೇಕು. ಮನಸ್ಸಿಟ್ಟು ಮಾಡಿದರೆ ಸಂಶೋಧನೆಯ ಮೊದಲ ಪಾಠ ಇದೇ. ಬೇರೆಯವರ ವರದಿಯನ್ನು ನಕಲು ಮಾಡಿ ಒಪ್ಪಿಸುವವರು ಎಲ್ಲ ಕಾಲದಲ್ಲೂ ಇರುತ್ತಾರೆ, ಆ ಮಾತು ಬೇರೆ.

ಚಿಕ್ಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಎಂದರೆ ಹೆಸರಿಗಷ್ಟೇ ಎಂಬ ಭಾವನೆ ಸಾಮಾನ್ಯ. ಎಸ್‌ಕೆಯುವಿನ ಕೆಲವು ವಿಭಾಗಗಳ ಮಟ್ಟಿಗೆ ಅದು ತಪ್ಪು, ಕಾರಣ ಅನಂತಪುರದ ನೆಲವೇ. ನೈರುತ್ಯ ಮಳೆಮಾರುತವನ್ನು ಪಶ್ಚಿಮ ಘಟ್ಟಗಳು ತಡೆಯುತ್ತವೆ. ಈಶಾನ್ಯ ಮಾರುತ ಪೂರ್ವ ಕರಾವಳಿಯಿಂದ ಇಷ್ಟು ದೂರ ಬರುವಷ್ಟರಲ್ಲಿ ಸೊರಗಿರುತ್ತದೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ, ಅದೂ ಬಂದರೆ ಬಂತು. ರೈತನಿಗೆ ಶಾಪವಾದ ಈ ಒಣಹವೆಯೇ ವಾತಾವರಣ ವಿಜ್ಞಾನಿಗೆ ಅಪರೂಪದ ಅವಕಾಶ. ಎಸ್‌ಕೆಯುವಿನ ಭೌತಶಾಸ್ತ್ರ ವಿಭಾಗದ ಪ್ರಯೋಗಾಲಯ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಅಳೆಯುವ ಇಸ್ರೋದ ದೇಶವ್ಯಾಪಿ ಜಾಲದಲ್ಲಿ ಒಂದು ಕೇಂದ್ರ. ಗಾಳಿಯನ್ನು ಸೋಸುಪಟ್ಟಿಯ ಮೂಲಕ ಎಳೆದು, ಪಟ್ಟಿ ಕಪ್ಪಾದಂತೆ ಬೆಳಕು ಎಷ್ಟು ಕುಂದುತ್ತದೆ ಎಂಬುದರಿಂದ ಮಸಿಯ ಪ್ರಮಾಣವನ್ನು ಲೆಕ್ಕಹಾಕುತ್ತಾರೆ. ಸೂರ್ಯನ ಬೆಳಕು ನೆಲ ಮುಟ್ಟುವ ಮೊದಲು ಎಷ್ಟು ಚದುರಿತು, ಎಷ್ಟು ಹೀರಿಹೋಯಿತು ಎಂಬುದನ್ನು ಬೇರೆ ಉಪಕರಣಗಳು ದಾಖಲಿಸುತ್ತವೆ. ದೊಡ್ಡ ನಗರಗಳ ಹೊಗೆಯ ಅಂಕಿಗಳು ಎಲ್ಲೆಡೆ ಸಿಗುತ್ತವೆ. ಅರೆಶುಷ್ಕ ಬಯಲಿನ ದೀರ್ಘಕಾಲದ ದಾಖಲೆ ಸಿಗುವ ಸ್ಥಳಗಳು ಕಡಿಮೆ. ಹೀಗಾಗಿ ಇಲ್ಲಿನ ಸಂಶೋಧನ ವಿದ್ಯಾರ್ಥಿಗಳ ಲೇಖನಗಳು ಹೊರದೇಶದ ಪತ್ರಿಕೆಗಳಲ್ಲೂ ಅಚ್ಚಾಗಿವೆ.

ಸಸ್ಯಶಾಸ್ತ್ರ ವಿಭಾಗದ ಕೆಲಸ ಇನ್ನೂ ಹಳೆಯದು. ಟಿ. ಪುಲ್ಲಯ್ಯ ಮತ್ತು ಎನ್. ಯಶೋದಾ ಸಿದ್ಧಪಡಿಸಿದ ಅನಂತಪುರ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1989ರಲ್ಲಿ ಪ್ರಕಟವಾಯಿತು. ಬರಡು ಎಂದು ಕರೆಸಿಕೊಂಡ ಜಿಲ್ಲೆಯ ಗುಡ್ಡ, ಕೆರೆಯಂಗಳ, ಕುರುಚಲು ಕಾಡುಗಳನ್ನು ಅಲೆದು ಗಿಡಗಳನ್ನು ಗುರುತಿಸಿದ ಕೆಲಸ ಅದು. ಪುಲ್ಲಯ್ಯನವರು ಮುಂದೆ ಇಡೀ ಆಂಧ್ರದ, ಪೂರ್ವ ಘಟ್ಟಗಳ ಸಸ್ಯಸಂಪತ್ತಿನ ಮೇಲೆ ಸಂಪುಟಗಳನ್ನು ತಂದರು. ಇಂಥ ಸಂಶೋಧನೆಗೆ ಕೋಟಿ ಬೆಲೆಯ ಯಂತ್ರ ಬೇಡ. ಗಟ್ಟಿ ಕಾಲು, ನುರಿತ ಕಣ್ಣು, ಒಣಗಿಸಿದ ಮಾದರಿಗಳನ್ನು ಜೋಪಾನ ಮಾಡುವ ಸಸ್ಯಾಲಯ ಇದ್ದರೆ ಸಾಕು. ಹಣ ಕಡಿಮೆ ಇರುವ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ಒಪ್ಪುವ ಕ್ಷೇತ್ರ ಬೇರೆ ಸಿಗುವುದು ಕಷ್ಟ.

ವಿಶ್ವವಿದ್ಯಾಲಯದ ಗೋಡೆಯಾಚೆಗೂ ಸಂಶೋಧನೆಯ ನೆಲೆಗಳಿವೆ. ಹಿಂದೂಪುರದ ಕಿರಿಕೆರೆಯಲ್ಲಿ ಆಂಧ್ರ ರಾಜ್ಯದ ರೇಷ್ಮೆ ಸಂಶೋಧನ ಸಂಸ್ಥೆ ಇದೆ. ಸೆಕೆ ತಾಳಿಕೊಂಡು ಒಳ್ಳೆಯ ಗೂಡು ಕಟ್ಟುವ ‘ಸ್ವರ್ಣಾಂಧ್ರ’ ಎಂಬ ಮಿಶ್ರತಳಿ ಅಲ್ಲಿಯದು. ಎಸ್‌ಕೆಯುವಿನಲ್ಲಿ ರೇಷ್ಮೆ ಕೃಷಿಗೆಂದೇ ವಿಭಾಗವಿದೆ, ಹಿಂದೂಪುರದಲ್ಲಿ ಗೂಡಿನ ಮಾರುಕಟ್ಟೆಯೂ ಇದೆ. ಓದು, ಪ್ರಯೋಗ, ವ್ಯಾಪಾರ ಮೂರೂ ಒಂದೇ ಸೀಮೆಯಲ್ಲಿ ಸಿಗುವುದು ಅಪರೂಪ. ಕಲ್ಯಾಣದುರ್ಗದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕದಿರಿಯ ಕೃಷಿ ಸಂಶೋಧನ ಕೇಂದ್ರ ಕಡಲೆಕಾಯಿ ತಳಿಗಳಿಗೆ ಹೆಸರಾದದ್ದು. ಈ ಬೆಳೆಯ ಸಂಶೋಧನೆಗೆ ಇಲ್ಲಿ ಎಷ್ಟು ತೂಕವೆಂಬುದನ್ನು 2000ದ ಮುಂಗಾರು ತೋರಿಸಿತು. ಆ ವರ್ಷ ಜಿಲ್ಲೆಯ ಸುಮಾರು 2.25 ಲಕ್ಷ ಹೆಕ್ಟೇರ್ ಕಡಲೆಕಾಯಿ ಕಾಂಡ ಕೊಳೆತಂತಾಗಿ ಒಣಗಿತು. ನಷ್ಟದ ಅಂದಾಜು 300 ಕೋಟಿ ರೂಪಾಯಿ. ಹೊಗೆಸೊಪ್ಪಿನ ಗೆರೆ ವೈರಸ್ ಇದಕ್ಕೆ ಕಾರಣವೆಂದು ಹೈದರಾಬಾದ್ ಬಳಿಯ ಕೃಷಿ ಸಂಶೋಧನ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಪತ್ತೆಹಚ್ಚಿದರು. ಬದುಗಳಲ್ಲಿ ಬೆಳೆದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಪರಾಗವನ್ನು ಥ್ರಿಪ್ಸ್ ನುಸಿಗಳು ಬೆಳೆಗೆ ಒಯ್ದು ರೋಗ ಹರಡಿದ್ದವು.

ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಉನ್ನತ ಶಿಕ್ಷಣ ಸಂಸ್ಥೆ ಬೇರೆಯೇ ಬಗೆಯದು. ಅದೂ 1981ರಲ್ಲೇ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಬೋಧನಾ ಶುಲ್ಕವಿಲ್ಲ, ಹಾಸ್ಟೆಲ್ ವಾಸ ಮತ್ತು ಶಿಸ್ತು ಕಟ್ಟುನಿಟ್ಟು, ವಿದ್ಯಾರ್ಥಿಗಳ ಸಂಖ್ಯೆ ಕಡಿಮೆ. ಇದರ ಮೊದಲ ಕುಲಪತಿ ವಿ.ಕೃ. ಗೋಕಾಕ್. ಕನ್ನಡಕ್ಕೆ ಶಾಲೆಯಲ್ಲಿ ಪ್ರಥಮ ಸ್ಥಾನ ಕೊಡಬೇಕೆಂದ ಗೋಕಾಕ್ ವರದಿ ಸಲ್ಲಿಕೆಯಾದ ವರ್ಷವೇ ಅವರು ತೆಲುಗು ನಾಡಿನ ಈ ಹೊಣೆಯನ್ನೂ ಹೊತ್ತರು. ಅನಂತಪುರದಲ್ಲಿ 2018ರಲ್ಲಿ ಆರಂಭವಾದ ಆಂಧ್ರಪ್ರದೇಶ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಮೊದಲ ಕುಲಪತಿ ಕರ್ನಾಟಕದವರೇ, ಎಸ್.ಎ. ಕೋರಿ.

ಪದವಿ ಮುಗಿಸಿದವರ ದಾರಿ ಬಹುಪಾಲು ಬೆಂಗಳೂರಿನ ಕಡೆಗೆ. ಹಿಂದೂಪುರದ ಮೂಲಕ ರೈಲು ಮಾರ್ಗವಿರುವುದರಿಂದ ಅದು ಸಲೀಸು. ಸರ್ಕಾರಿ ಶಿಕ್ಷಕ ಹುದ್ದೆಗೆ ಡಿಎಸ್‌ಸಿ ಪರೀಕ್ಷೆ ಬರೆಯುವವರದು ಇನ್ನೊಂದು ದೊಡ್ಡ ಗುಂಪು. ಪೆನುಕೊಂಡದ ಬಳಿ ಕಿಯಾ ಕಾರು ಕಾರ್ಖಾನೆ 2019ರಲ್ಲಿ ಉತ್ಪಾದನೆ ಶುರುಮಾಡಿದ ಮೇಲೆ ಊರಿನ ಹತ್ತಿರವೇ ಕೆಲಸ ಎಂಬ ಆಸೆ ಹುಟ್ಟಿತು. ಆದರೆ ಅಲ್ಲಿ ಬೇಡಿಕೆ ಹೆಚ್ಚಾಗಿ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದಿದವರಿಗೆ, ಬಿ.ಎ. ಪದವೀಧರನಿಗೆ ಅದರಿಂದ ಆದ ಲಾಭ ಅಷ್ಟಕ್ಕಷ್ಟೆ.

ಓದು ಮುಂದುವರಿಸುವವರಿಗೆ ಸ್ನಾತಕೋತ್ತರ ಪ್ರವೇಶ 2021ರಿಂದ ಇಡೀ ರಾಜ್ಯಕ್ಕೆ ಒಂದೇ ಪರೀಕ್ಷೆಯ ಮೂಲಕ. ಸಂವಿಧಾನದ 371-ಡಿ ವಿಧಿಯಡಿ ಬಂದ ರಾಷ್ಟ್ರಪತಿ ಆದೇಶದಂತೆ ಶೇ. 85 ಸೀಟುಗಳು ಸ್ಥಳೀಯರಿಗೆ ಮೀಸಲು. ಪಾವಗಡ, ಗೌರಿಬಿದನೂರಿನ ವಿದ್ಯಾರ್ಥಿ ಎಷ್ಟೇ ಹತ್ತಿರದಲ್ಲಿದ್ದರೂ ಈ ಸ್ಥಳೀಯರ ಪಾಲಿಗೆ ಸೇರುವುದಿಲ್ಲ. ಪಿಎಚ್‌ಡಿಗೆ 2024–25ರಿಂದ ರಾಷ್ಟ್ರಮಟ್ಟದ ನೆಟ್ ಅರ್ಹತಾ ಪರೀಕ್ಷೆಯ ಅಂಕಗಳೂ ಪ್ರವೇಶಕ್ಕೆ ಬಳಕೆಯಾಗುತ್ತಿವೆ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನ ಫೆಲೋಶಿಪ್ ಸಿಕ್ಕವರಿಗೆ ತಿಂಗಳಿಗೆ 37,000 ರೂಪಾಯಿ. ಫೆಲೋಶಿಪ್ ಸಿಕ್ಕರೂ ಮಾರ್ಗದರ್ಶಕರ ಬಳಿ ಜಾಗ ಖಾಲಿ ಇರಬೇಕು. ಯುಜಿಸಿ ನಿಯಮದ ಪ್ರಕಾರ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗಿಂತ ಹೆಚ್ಚು ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಚಿಕ್ಕ ವಿಶ್ವವಿದ್ಯಾಲಯದಲ್ಲಿ ಒಬ್ಬ ಪ್ರಾಧ್ಯಾಪಕರು ನಿವೃತ್ತರಾಗಿ ಆ ಹುದ್ದೆ ತುಂಬದೆ ಉಳಿದರೆ, ಪಾಠ ಹೇಳುವವರೊಬ್ಬರು ಕಡಿಮೆಯಾಗುವುದರ ಜೊತೆಗೆ ಎಂಟು ಸಂಶೋಧನ ಸೀಟುಗಳೂ ಹೋಗುತ್ತವೆ.