ಬೆಕ್ಕಿನ ಹೆಸರು ಬೈಗುಳವಾದ ಬಗೆ

ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯ ಇಂಗ್ಲಿಷ್ ಅಭ್ಯಾಸ ಪಾಠವನ್ನು ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿ ಪೀಠಿಕೆಗೆಂದು ‘ಪುಸಿ ಕ್ಯಾಟ್’ ಶಿಶುಗೀತೆಯ ಹೆಸರನ್ನು ಹಲಗೆಯ ಮೇಲೆ ಬರೆದರು. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಅವರು ಗಲಿಬಿಲಿಗೊಂಡು ಮೊದಲ ಪದವನ್ನು ಅಳಿಸಿದರು. ನಗು ಇನ್ನೂ ಜೋರಾಯಿತು. ನಾನು ವೀಕ್ಷಣಾ ಪುಸ್ತಕದಲ್ಲಿ ‘ಪದ್ಯದ ಆಯ್ಕೆ ಸೂಕ್ತವಲ್ಲ’ ಎಂದು ಬರೆದು ಸಹಿ ಹಾಕಿದೆ. ಸಂಜೆ ಅವರು ಕೇಳಿದರು: “ಸರ್, ಅದು ಬೆಕ್ಕಿನ ಹೆಸರಲ್ಲವೇ? ಕೆಟ್ಟ ಅರ್ಥ ಬಂದದ್ದು ಎಲ್ಲಿಂದ?” ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದದ್ದು ಇದು.

ಡಚ್ ಭಾಷೆಯಲ್ಲಿ ‘ಪುಸ್’ ಎಂದರೆ ಬೆಕ್ಕು, ಅದರಲ್ಲೂ ಹೆಣ್ಣು ಬೆಕ್ಕು. ಅಲ್ಲಿನವರು ಬೆಕ್ಕನ್ನು ಕರೆಯುವುದೂ ಹಾಗೆಯೇ. ಇಂಗ್ಲಿಷಿನ ‘ಪುಸ್’ ಇದರ ನಂಟ. 16ನೇ ಶತಮಾನದಿಂದ ಬರಹದಲ್ಲಿ ಸಿಗುತ್ತದೆ. ಮುದ್ದಿನ ಹೆಸರು ಮುದ್ದಿನ ಹುಡುಗಿಗೂ ಅಂಟಿತು. ಅಲ್ಲಿಂದ ಹೆಣ್ಣಿನ ಗುಪ್ತಾಂಗಕ್ಕೆ ಇಳಿಯಿತು. ಕೊನೆಗೆ ಅಂಜುಬುರುಕ ಗಂಡಸನ್ನು ಹಂಗಿಸುವ ಬೈಗುಳವೂ ಆಯಿತು. ಆದರೂ 1805ರಲ್ಲಿ ಆ ಶಿಶುಗೀತೆ ಮಕ್ಕಳ ಪುಸ್ತಕದಲ್ಲಿ ನಿಸ್ಸಂಕೋಚವಾಗಿ ಅಚ್ಚಾಗಿದೆ.

ಡಚ್ಚಿನಲ್ಲಿ ಎರಡು ಅರ್ಥಗಳೂ ಇಂದಿಗೂ ಒಟ್ಟಿಗೆ ಬಾಳುತ್ತಿವೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಯೊಂದರಲ್ಲಿ ಬೀದಿ ಬೆಕ್ಕುಗಳಿಗೆ ಆಶ್ರಯ ಕೊಡುವ ದೋಣಿಯಿದೆ. ಅದರ ಹೆಸರು ‘ಪೂಜೆನ್‌ಬೋಟ್’, ಅಂದರೆ ಬೆಕ್ಕುಗಳ ದೋಣಿ. (ನಮ್ಮ ಪೂಜೆಗೂ ಅದಕ್ಕೂ ಸಂಬಂಧವಿಲ್ಲ!) ಅಲ್ಲಿ ಯಾರೂ ಮುಖ ಮುಚ್ಚಿಕೊಳ್ಳುವುದಿಲ್ಲ. ಅದೇ ಪದ, 1652ರಲ್ಲಿ ಕೇಪ್‌ನಲ್ಲಿ ನೆಲೆಯೂರಿದ ಡಚ್ಚರ ಮಾತಿನಿಂದ ಬೆಳೆದ ಆಫ್ರಿಕಾನ್ಸ್ ಭಾಷೆಯಲ್ಲಿ, ಅತ್ಯಂತ ಕೀಳು ಬೈಗುಳಗಳಲ್ಲಿ ಒಂದು. ಅಲ್ಲಿ ಬೆಕ್ಕಿಗೆ ‘ಕಾಟ್’ ಎನ್ನುತ್ತಾರೆ. ದಕ್ಷಿಣ ಆಫ್ರಿಕಾದ ಇಂಗ್ಲಿಷ್ ಕೂಡ ಈ ಬೈಗುಳವನ್ನು ಎರವಲು ಪಡೆದಿದೆ. ಬೆಕ್ಕನ್ನಲ್ಲ, ಬೈಗುಳವನ್ನು ಮಾತ್ರ.

ನಮ್ಮ ಭಾಷಾವಿಜ್ಞಾನದ ಪಾಠದಲ್ಲಿ ಇದಕ್ಕೆ ‘ಹೀನಾರ್ಥ ಪ್ರಾಪ್ತಿ’ ಎಂದು ಹೆಸರಿದೆ. ಹಳಗನ್ನಡದಲ್ಲಿ ‘ನಾಱು’ ಎಂದರೆ ಪರಿಮಳ ಬೀರುವುದೂ ಆಗಿತ್ತು. ಇಂದು ‘ನಾರುವುದು’ ದುರ್ವಾಸನೆ ಮಾತ್ರ. ವರ್ಷವರ್ಷವೂ ಈ ಉದಾಹರಣೆಯನ್ನು ಹೇಳಿಕೊಟ್ಟ ನನಗೆ ಆ ತರಗತಿಯಲ್ಲಿ ಅದು ನೆನಪಾಗಲಿಲ್ಲ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ಫ್ರೆಂಚಿನ ‘ಶಾತ್’ ಎಂದರೆ ಹೆಣ್ಣು ಬೆಕ್ಕು. ಜರ್ಮನ್ನಿನ ‘ಮೂಶಿ’ ಬೆಕ್ಕಿನ ಮುದ್ದಿನ ಹೆಸರು. ಎರಡಕ್ಕೂ ಅದೇ ಅಶ್ಲೀಲ ಅರ್ಥವಿದೆ. ಸದ್ದು ಬೇರೆ, ಗತಿ ಒಂದೇ. ಹಾಗಾಗಿ ದೋಷ ಸದ್ದಿನದ್ದಲ್ಲ. ಹೆಣ್ಣನ್ನು ಮುದ್ದಿನ ಪ್ರಾಣಿಯಾಗಿ ಕಂಡು, ಆಮೇಲೆ ಆ ಮುದ್ದನ್ನೇ ಹೀಯಾಳಿಕೆಯಾಗಿಸಿದ ಮಾತುಗಾರರದ್ದು. ಹಿಂದಿನ ಬೆಂಚಿನ ನಗು ಅದರ ಬಾಲ. ಪದ ಅಳಿಸಿದರೆ ಆ ನಗುವಿಗೆ ‘ನೀವು ಅಂದುಕೊಂಡದ್ದು ಸರಿ’ ಎಂದಂತಾಗುತ್ತದೆ. ನಾನು ಪುಸ್ತಕದಲ್ಲಿ ಬರೆದ ಷರಾವೂ ಅದನ್ನೇ ಮಾಡಿತ್ತು. ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಮತ್ತೆ ಸಹಿ ಮಾಡಿದೆ.

ಮುಂದಿನ ವಾರ ಅವರು ಅದೇ ತರಗತಿಗೆ ಅದೇ ಪದ್ಯದೊಂದಿಗೆ ಹೋದರು. ಮೊದಲು, “ನಿಮ್ಮ ಮನೆಯಲ್ಲಿ ಬೆಕ್ಕಿಗೆ ಏನೆನ್ನುತ್ತೀರಿ?” ಎಂದು ಕೇಳಿದರು. “ಪುಚ್ಚೆ, ಟೀಚರ್” ಎಂದಳು ತುಳು ಮನೆಮಾತಿನ ಹುಡುಗಿ. ಇನ್ನೊಬ್ಬ “ಪೂಚ್ಚ” ಎಂದ, ಅವನದು ಮಲಯಾಳಂ. ಹಲಗೆಯ ಮೇಲೆ ಮೂರೂ ಹೆಸರುಗಳು ಸಾಲಾಗಿ ನಿಂತವು. ಹಿಂದಿನ ಬೆಂಚಿನಲ್ಲಿ ಒಬ್ಬ ನಕ್ಕ. ಅವರು ಕಾದರು, ಬಳಿಕ ಪದ್ಯದ ಮೊದಲ ಸಾಲನ್ನು ಓದಿದರು.