ಜಾಲತಾಣದ ಸಂರಚನೆಯ ಸ್ಥಾನಾಂತರ: ಕಡತದಲ್ಲಿಲ್ಲದುದರ ವಿಚಾರ

ಪುಸ್ತಕವು ಅಚ್ಚಾಗುವುದಕ್ಕೆ ಮೊದಲು ಕರಡಚ್ಚನ್ನು ತೆಗೆದು ತಿದ್ದುವುದು ಮುದ್ರಣಾಲಯಗಳ ಪದ್ಧತಿ. ಅಂತರಜಾಲದ ತಾಣಗಳನ್ನು ನಡೆಸುವವರಲ್ಲಿಯೂ ಇಂತಹುದೇ ಒಂದು ಪದ್ಧತಿಯುಂಟು. ಜನರು ನೋಡತಕ್ಕ ತಾಣವು ಒಂದು ಸರ್ವರಿನಲ್ಲಿರುತ್ತದೆ. ಅದಕ್ಕೆ ಪ್ರೊಡಕ್ಷನ್ ಸರ್ವರ್ ಎಂದು ಹೆಸರು. ಅದರ ಪ್ರತಿಯೊಂದನ್ನು ಬೇರೊಂದು ಸರ್ವರಿನಲ್ಲಿಟ್ಟು, ಮಾಡಬೇಕೆಂದಿರುವ ಮಾರ್ಪಾಟುಗಳನ್ನು ಮೊದಲು ಅಲ್ಲಿ ಮಾಡಿ ಪರೀಕ್ಷಿಸುವರು. ಇದು ಸ್ಟೇಜಿಂಗ್ ಸರ್ವರ್. ಆದರೆ ಸಾದೃಶ್ಯವು ಇಷ್ಟಕ್ಕೆ ನಿಲ್ಲುತ್ತದೆ. ಕರಡನ್ನು ತಿದ್ದುತ್ತಿರುವಾಗ ಪುಸ್ತಕವು ಇನ್ನೂ ಹುಟ್ಟಿರುವುದಿಲ್ಲ. ಜಾಲತಾಣವಾದರೋ ಆ ಹೊತ್ತಿನಲ್ಲಿಯೂ ಜನರ ಕೈಯಲ್ಲಿ ಬೆಳೆಯುತ್ತಲೇ ಇರುತ್ತದೆ. ಆದುದರಿಂದ ಸ್ಟೇಜಿಂಗಿನ ತಿದ್ದುಪಡಿಯನ್ನು ಪ್ರೊಡಕ್ಷನ್ನಿಗೆ ಒಯ್ಯುವುದು ನಕಲು ಮಾಡುವ ಕೆಲಸವಲ್ಲ. ಎರಡು ಕಡೆ ಬೇರೆಬೇರೆಯಾಗಿ ಬದಲಾದ ಎರಡು ಪ್ರತಿಗಳನ್ನು ಹೊಂದಿಸುವ ಕೆಲಸ. ಪಾಠಾಂತರಗಳಲ್ಲಿ ಪರಿಶ್ರಮವುಳ್ಳವರಿಗೆ ಇದರ ಕಷ್ಟವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇಂತಹ ತಾಣವೊಂದರ ಅಂಗಗಳು ಮೂರು. ಯಂತ್ರವನ್ನು ನಡೆಸುವ ಆದೇಶಗಳ ಸಮೂಹವಾದ ಕೋಡ್ ಮೊದಲನೆಯದು. ತಾಣದಲ್ಲಿ ಓದಲು ದೊರೆಯುವ ಲೇಖನ, ಚಿತ್ರ, ದಾಖಲೆ ಮುಂತಾದುವು ಎರಡನೆಯದು, ಇದನ್ನು ವಸ್ತುವೆನ್ನಬಹುದು. ಇವೆರಡರ ನಡುವೆ ನಿಂತು, ಯಾವ ದಾಖಲೆಗೆ ಯಾವ ಅಂಕಣಗಳು, ಯಾರಿಗೆ ಯಾವ ಅಧಿಕಾರ, ಪುಟದಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂಬುದನ್ನು ಗೊತ್ತುಮಾಡುವುದು ಸಂರಚನೆ. ಕೋಡನ್ನು ಬರೆಯುವವರು ಬೇರೆ, ವಸ್ತುವನ್ನು ತುಂಬುವವರು ಬೇರೆ. ಸಂರಚನೆಯನ್ನಾದರೋ ಇಬ್ಬರೂ ಮುಟ್ಟುವರು. ತೊಡಕಿಗೆಲ್ಲ ಮೂಲವು ಇಲ್ಲಿದೆ.

ಹಸ್ತಪ್ರತಿಗಳ ಭಂಡಾರವೊಂದರ ತಾಣವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅಲ್ಲಿನ ಪ್ರತಿಯೊಂದು ದಾಖಲೆಯಲ್ಲಿ ಕೃತಿಯ ಹೆಸರು, ಕರ್ತೃ, ಗರಿಗಳ ಸಂಖ್ಯೆ ಎಂಬ ಅಂಕಣಗಳಿವೆ. ಲಿಪಿ ಎಂಬ ಹೊಸ ಅಂಕಣವನ್ನು ಸೇರಿಸಿ, ಕನ್ನಡ, ತಿಗಳಾರಿ, ನಂದಿನಾಗರಿ ಎಂದು ವಿಂಗಡಿಸಿ ಹುಡುಕುವಂತೆ ಮಾಡಬೇಕೆಂದು ನಿಶ್ಚಯವಾಗುತ್ತದೆ. ಸ್ಟೇಜಿಂಗಿನಲ್ಲಿ ಎರಡು ವಾರ ಆ ಕೆಲಸ ನಡೆಯುತ್ತದೆ. ಅದೇ ಎರಡು ವಾರಗಳಲ್ಲಿ ಭಂಡಾರದವರು ಪ್ರೊಡಕ್ಷನ್ನಿನಲ್ಲಿ 300 ಓಲೆಯ ಪ್ರತಿಗಳ ವಿವರವನ್ನು ಬರೆದಿದ್ದಾರೆ. ಈಗ ಸ್ಟೇಜಿಂಗಿನ ಡೇಟಾಬೇಸನ್ನು ಇದ್ದಂತೆಯೇ ಎತ್ತಿ ಪ್ರೊಡಕ್ಷನ್ನಿನ ಮೇಲಿಟ್ಟರೆ ಲಿಪಿಯ ಅಂಕಣವೇನೋ ಬರುತ್ತದೆ, 300 ದಾಖಲೆಗಳು ಹೋಗುತ್ತವೆ. ಅದು ಬೇಡವೆಂದು ಅದೇ ಮಾರ್ಪಾಟನ್ನು ಪ್ರೊಡಕ್ಷನ್ನಿನಲ್ಲಿ ಕೈಯಿಂದ ಮತ್ತೆ ಮಾಡಿದರೆ, ಲಿಪಿಕಾರನ ದೋಷಗಳೆಲ್ಲ ಬಂದು ಸೇರುತ್ತವೆ: ಹತ್ತು ಕಡೆ ಬದಲಿಸಬೇಕಾದಲ್ಲಿ ಒಂಬತ್ತು ಕಡೆ ಬದಲಿಸಿ ಕೈಬಿಡುವುದು, ಒಂದು ಅಧಿಕಾರವನ್ನು ಕೊಡಬಾರದವರಿಗೆ ಕೊಡುವುದು, ಇತ್ಯಾದಿ. ಹೀಗೆ ಮಾಡಿದ್ದನ್ನು ಪರೀಕ್ಷಿಸಿದಂತೆಯೂ ಆಗುವುದಿಲ್ಲ. ಪರೀಕ್ಷೆಯಾದದ್ದು ಬೇರೆ, ನೆಲೆಗೊಂಡದ್ದು ಬೇರೆ.

ಈ ಸಂಕಟಕ್ಕೆ ಪರಿಹಾರವನ್ನು ಹುಡುಕಿದ ಬಗೆಯನ್ನು ಡ್ರೂಪಲ್ ಎಂಬ ಸಾಫ್ಟ್‌ವೇರಿನ ಚರಿತ್ರೆಯಲ್ಲಿ ಚೆನ್ನಾಗಿ ನೋಡಬಹುದು. ಬೆಲ್ಜಿಯಂ ದೇಶದ ಡ್ರೀಸ್ ಬಾಯ್ಟಾರ್ಟ್ ಎಂಬವರು 2001ರಲ್ಲಿ ಇದನ್ನು ಹೊರತಂದರು. 2011ರ ಜನವರಿಯಲ್ಲಿ ಬಂದ ಏಳನೆಯ ಆವೃತ್ತಿಯವರೆಗೂ ಇದರಲ್ಲಿ ವಸ್ತು ಮತ್ತು ಸಂರಚನೆಗಳು ಒಂದೇ ಡೇಟಾಬೇಸಿನಲ್ಲಿ ಬೆರೆತುಕೊಂಡಿದ್ದುವು. ಫೀಚರ್ಸ್ ಎಂಬ ಉಪಾಂಗವನ್ನು ಜೋಡಿಸಿ ಸಂರಚನೆಯ ಭಾಗಗಳನ್ನು ಕೋಡಿನ ರೂಪದಲ್ಲಿ ಬರೆದು ಒಯ್ಯುವ ಉಪಾಯವೊಂದಿತ್ತು. ಅದು ಹುಟ್ಟಿದ್ದು ಬೇರೆ ಉದ್ದೇಶಕ್ಕೆ; ಆದುದರಿಂದ ಈ ಕೆಲಸದಲ್ಲಿ ಅದು ಎಷ್ಟು ನೆರವಾಯಿತೋ ಅಷ್ಟೇ ಗೋಳನ್ನೂ ಕೊಟ್ಟಿತೆನ್ನಬಹುದು. 2015ರ ನವೆಂಬರ್ 19ರಂದು ಪ್ರಕಟವಾದ ಎಂಟನೆಯ ಆವೃತ್ತಿಯಲ್ಲಿ ಸಂರಚನೆಗೆ ಪ್ರತ್ಯೇಕವಾದ ಸ್ಥಾನವು ದೊರೆಯಿತು. ತಾಣವು ಬಳಸುವ ಸಂರಚನೆಯು ಡೇಟಾಬೇಸಿನಲ್ಲಿಯೇ ಇದ್ದರೂ, ಬೇಕೆಂದಾಗ ಅದನ್ನೆಲ್ಲ ಸಣ್ಣ ಸಣ್ಣ ಪಠ್ಯಕಡತಗಳಾಗಿ ಹೊರಕ್ಕೆ ಬರೆಯಬಹುದು. ಈ ಕಡತಗಳ ರೀತಿಗೆ ಯಾಮಲ್ ಎಂದು ಹೆಸರು. (ಆವೃತ್ತಿಯು ಸಿದ್ಧವಾಗುತ್ತಿದ್ದಾಗ ಮೊದಲು ಎಕ್ಸ್.ಎಂ.ಎಲ್. ರೀತಿಯನ್ನು ಹಿಡಿದು ಆಮೇಲೆ ಬಿಟ್ಟರು. ಮನುಷ್ಯನು ಕಣ್ಣಿಟ್ಟು ಓದಬೇಕಾದ ಕಡತಕ್ಕೆ ಯಾಮಲ್ಲೇ ಮೇಲು.)

ಕೆಲಸದ ಕ್ರಮವು ಮೇಲುನೋಟಕ್ಕೆ ಸುಲಭವಾಗಿದೆ. ಸ್ಟೇಜಿಂಗಿನ ಸಂರಚನೆಯನ್ನು ಕಡತಗಳಾಗಿ ಬರೆಯುವುದು. ಗಿಟ್ ಎಂಬ ಆವೃತ್ತಿಸಂಗ್ರಾಹಕದಲ್ಲಿ ಸೇರಿಸುವುದು. ಅಲ್ಲಿಂದ ಪ್ರೊಡಕ್ಷನ್ನಿಗೆ ತಂದು ಒಳಕ್ಕೆ ತೆಗೆದುಕೊಳ್ಳುವುದು. ಲಿಪಿಯ ಅಂಕಣವೊಂದಕ್ಕೇ ಕನಿಷ್ಠಪಕ್ಷ ಎರಡು ಹೊಸ ಕಡತಗಳು ಬೇಕು. ಅಂತಹ ಅಂಕಣವೊಂದುಂಟು, ಅದರ ಬೆಲೆಗಳನ್ನು ಹೀಗೆ ಸಂಗ್ರಹಿಸತಕ್ಕುದು ಎಂದು ಒಂದು ಹೇಳಿದರೆ, ಹಸ್ತಪ್ರತಿಯ ದಾಖಲೆಗೆ ಅದು ಸೇರಿದೆಯೆಂದು ಮತ್ತೊಂದು ಹೇಳುತ್ತದೆ. ತುಂಬುವ ನಮೂನೆಯಲ್ಲಿಯೂ ಓದುವ ಪುಟದಲ್ಲಿಯೂ ಅದು ಎಲ್ಲಿ ಕಾಣಬೇಕೆಂಬುದು ಹಿಂದಿನಿಂದ ಇರುವ ಬೇರೆ ಕಡತಗಳಲ್ಲಿ ತಿದ್ದುಪಡಿಯಾಗಿ ಬರುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಅಂಕಣವು ಕುಂಟುತ್ತದೆ.

ಒಳಕ್ಕೆ ತೆಗೆದುಕೊಳ್ಳುವುದೆಂದರೆ ಸೇರಿಸುವುದೆಂದು ಸಾಧಾರಣವಾಗಿ ತಿಳಿಯುವರು. ಇಲ್ಲಿಯೇ ಮುಖ್ಯವಾದ ಭ್ರಾಂತಿಯಿರುವುದು. ಡ್ರೂಪಲ್ಲಿನ ಈ ಕ್ರಿಯೆಯು ತಾಣದ ಸಂರಚನೆಯನ್ನು ಕಡತಗಳಿಗೆ ಸರಿಸಮನಾಗಿ ಮಾಡುತ್ತದೆ. ಕಡತದಲ್ಲಿದ್ದು ತಾಣದಲ್ಲಿಲ್ಲದುದು ಹುಟ್ಟುತ್ತದೆ. ಎರಡರಲ್ಲಿಯೂ ಇದ್ದು ಭೇದವಿರುವುದು ಕಡತದಂತೆ ಮಾರ್ಪಡುತ್ತದೆ. ತಾಣದಲ್ಲಿದ್ದು ಕಡತದಲ್ಲಿಲ್ಲದುದು ಅಳಿದುಹೋಗುತ್ತದೆ. ಗ್ರಂಥಸಂಪಾದಕರು ಒಂದು ಪ್ರತಿಯಲ್ಲಿ ಪದ್ಯವೊಂದು ಕಾಣದಿದ್ದ ಮಾತ್ರಕ್ಕೆ ಅದನ್ನು ಪ್ರಕ್ಷಿಪ್ತವೆಂದು ತಳ್ಳುವುದಿಲ್ಲ. ಗರಿ ಕಳೆದಿರಬಹುದು, ಲಿಪಿಕಾರನ ಕಣ್ಣು ಜಾರಿರಬಹುದು ಎಂದು ವಿಚಾರಿಸುವರು. ಯಂತ್ರಕ್ಕೆ ಆ ವಿವೇಚನೆಯಿಲ್ಲ. ಅದರ ಲೆಕ್ಕದಲ್ಲಿ ಲೋಪವೂ ಒಂದು ವಿಧಿ. ಕಡತವು ಸುಮ್ಮನಿದ್ದರೆ ಅಳಿಸೆಂದು ಹೇಳಿದಂತೆಯೇ.

ಮೇಲಿನ ಉದಾಹರಣೆಯಲ್ಲಿ, ಭಂಡಾರದವರೊಬ್ಬರು ಅದೇ ಎರಡು ವಾರಗಳೊಳಗೆ ಪ್ರೊಡಕ್ಷನ್ನಿನಲ್ಲಿಯೇ ‘ಓಲೆಯ ಅಳತೆ’ ಎಂಬ ಅಂಕಣವನ್ನು ತಾವಾಗಿ ಸೇರಿಸಿ, 300 ಪ್ರತಿಗಳನ್ನೂ ಅಳೆದು ತುಂಬಿದ್ದರೆನ್ನೋಣ. ಅದರಲ್ಲಿ ತಪ್ಪೇನೂ ಇಲ್ಲ. ಅಧಿಕಾರವಿತ್ತು, ಅವಶ್ಯಕತೆಯೂ ಇತ್ತು. ಆದರೆ ಸ್ಟೇಜಿಂಗಿನಿಂದ ಬಂದ ಕಡತಗಳಿಗೆ ಆ ಅಂಕಣದ ಸುದ್ದಿಯೇ ತಿಳಿಯದು. ಲಿಪಿಯ ಅಂಕಣವು ಬಂದ ಗಳಿಗೆಯಲ್ಲಿಯೇ ಅಳತೆಯ ಅಂಕಣವು ಹೋಗುತ್ತದೆ, ಅದರೊಡನೆ ತುಂಬಿದ್ದ ಅಳತೆಗಳೂ ಹೋಗುತ್ತವೆ. ಸಂರಚನೆಯನ್ನು ಮಾತ್ರ ಒಯ್ದರೆ ವಸ್ತುವಿಗೆ ಅಪಾಯವಿಲ್ಲವೆಂಬ ಮಾತು ಈ ಕಾರಣದಿಂದ ಪೂರ್ಣವಾಗಿ ನಿಲ್ಲಲಾರದು.

ಇದಕ್ಕಿಂತಲೂ ಸೂಕ್ಷ್ಮವಾದ ಮತ್ತೊಂದು ವಿಷಯವುಂಟು. ಇಂತಹ ಪ್ರತಿಯೊಂದು ಅಂಕಣಕ್ಕೂ ಹೆಸರಲ್ಲದೆ ಯು.ಯು.ಐ.ಡಿ. ಎಂಬ ಗುರುತೂ ಇರುತ್ತದೆ. ಅಂಕಣವು ಹುಟ್ಟಿದಾಗ ಯಂತ್ರವು ಕೊಡುವ, ಬೇರೆಲ್ಲಿಯೂ ಬಾರದಂತಹ, 32 ಅಂಕಾಕ್ಷರಗಳ ಮುದ್ರೆ ಅದು. ಅವಸರದಲ್ಲಿ ಒಬ್ಬರು ಲಿಪಿಯ ಅಂಕಣವನ್ನು ಸ್ಟೇಜಿಂಗಿನಲ್ಲಿಯೂ ಪ್ರೊಡಕ್ಷನ್ನಿನಲ್ಲಿಯೂ ಕೈಯಿಂದಲೇ ನಿರ್ಮಿಸಿದರೆ, ಹೆಸರು ಒಂದೇ ಆದರೂ ಜನ್ಮ ಎರಡಾಗುತ್ತದೆ. ಮುಂದೆ ಕಡತಗಳನ್ನು ಒಳಕ್ಕೆ ತೆಗೆದುಕೊಳ್ಳುವಾಗ ಯಂತ್ರವು ಇವೆರಡನ್ನೂ ಒಂದೆಂದು ಒಪ್ಪದೆ, ಹಳೆಯದನ್ನು ಅಳಿಸಿ ಹೊಸದನ್ನು ನಿರ್ಮಿಸುತ್ತದೆ. ನೋಡಿದವರಿಗೆ ಅಂಕಣವು ಇದ್ದಂತೆಯೇ ಇದೆ. ಒಳಗೆ ತುಂಬಿದ್ದುದು ಮಾತ್ರ ಇಲ್ಲ. ಇಡೀ ತಾಣಕ್ಕೂ ಇಂತಹುದೇ ಒಂದು ಗುರುತಿದ್ದು, ಅದು ಹೊಂದದಿದ್ದರೆ ಕಡತಗಳನ್ನು ಒಳಕ್ಕೆ ಬಿಡುವುದೇ ಇಲ್ಲ. ಒಂದೇ ಮೂಲದ ಪ್ರತಿಗಳ ನಡುವೆ ಮಾತ್ರ ಈ ವ್ಯವಹಾರವು ನಡೆಯತಕ್ಕುದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಒಯ್ಯಬಾರದ ಸಂರಚನೆಯೂ ಕೆಲವಿದೆ. ಹಣ ಪಡೆಯುವ ಸಂಸ್ಥೆಯ ರಹಸ್ಯಪದ, ಪತ್ರ ಕಳುಹಿಸುವ ಸರ್ವರಿನ ವಿಳಾಸ ಮುಂತಾದುವು ಒಂದೊಂದು ಸರ್ವರಿಗೆ ಒಂದೊಂದು. ಇವನ್ನು ಆಯಾ ಸರ್ವರಿನ ಸೆಟ್ಟಿಂಗ್ಸ್ ಕಡತದಲ್ಲಿ ಬರೆದಿಡುವರು. ಅಲ್ಲಿ ಬರೆದುದು ಡೇಟಾಬೇಸಿನಲ್ಲಿರುವುದನ್ನು ಮೀರಿ ನಡೆಯುತ್ತದೆ, ಹೊರಕ್ಕೆ ಬರೆಯುವ ಕಡತಗಳಲ್ಲಿ ಸೇರುವುದಿಲ್ಲ. ಇವಲ್ಲದೆ ಕಾನ್ಫಿಗ್ ಸ್ಪ್ಲಿಟ್, ಕಾನ್ಫಿಗ್ ಇಗ್ನೋರ್ ಎಂಬ ಉಪಾಂಗಗಳೂ ಇವೆ. ಎರಡನೆಯದನ್ನು ಮಿತವಾಗಿ ಬಳಸುವುದೇ ಲೇಸು. ಲೆಕ್ಕಕ್ಕೆ ಸಿಕ್ಕದ ಭಾಗವು ಬೆಳೆದಷ್ಟೂ ಎರಡು ಪ್ರತಿಗಳ ಸಂಬಂಧವು ಸಡಿಲವಾಗುತ್ತದೆ.

ಆದುದರಿಂದ ಬಲ್ಲವರು ಮೊದಲು ಪ್ರೊಡಕ್ಷನ್ನಿನ ಸಂರಚನೆಯನ್ನೇ ಹೊರಕ್ಕೆ ಬರೆದು, ಅಲ್ಲಿ ಆಗಿರುವ ಭೇದಗಳನ್ನು ಗಿಟ್‌ನಲ್ಲಿ ಸ್ಟೇಜಿಂಗಿನ ಕಡತಗಳೊಡನೆ ಹೋಲಿಸಿ, ಉಳಿಸಿಕೊಳ್ಳತಕ್ಕುದನ್ನು ಸೇರಿಸಿದ ಬಳಿಕವೇ ಒಯ್ಯುವರು. ಒಳಕ್ಕೆ ತೆಗೆದುಕೊಳ್ಳುವುದಕ್ಕೆ ಮುಂಚೆ ಯಂತ್ರವು ಹೊಸದು, ಬದಲಾದದ್ದು, ಅಳಿಯುವುದು ಎಂದು ಪಟ್ಟಿಯನ್ನು ತೋರಿಸುತ್ತದೆ. ಅಳಿಯುವುದರ ಪಟ್ಟಿಯನ್ನು ಸಾವಧಾನವಾಗಿ ಓದುವವರು ಕಡಿಮೆ, ಓದಬೇಕಾದುದು ಅದನ್ನೇ. ಡೇಟಾಬೇಸಿನ ನಕಲೊಂದನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸ್ಥಾನಾಂತರದ ದೋಷವು ಒಂದು ಭಂಡಾರದ ಅಳತೆಗಳಿಗಷ್ಟೇ ಸಂಬಂಧಿಸಿದುದಲ್ಲ. ಅಮೆರಿಕದ ಷೇರು ವ್ಯಾಪಾರ ಸಂಸ್ಥೆಯಾದ ನೈಟ್ ಕ್ಯಾಪಿಟಲ್ಲಿನವರು 2012ರ ಜುಲೈ ಕೊನೆಯಲ್ಲಿ ತಮ್ಮ 8 ಸರ್ವರುಗಳಿಗೆ ಹೊಸ ಕೋಡನ್ನು ಒಯ್ದರು. 7ಕ್ಕೆ ಹೋಯಿತು, ಎಂಟನೆಯದಕ್ಕೆ ಹಾಕಲು ಮರೆತರು. ಹೊಸ ಕೆಲಸವನ್ನು ಎಬ್ಬಿಸುವ ಸಂಕೇತವನ್ನು ಹಿಂದೆ ಬೇರೊಂದು ಕೆಲಸಕ್ಕೆ ಬಳಸುತ್ತಿದ್ದರು. ಆಗಸ್ಟ್ 1ರ ಬೆಳಗ್ಗೆ ಆ ಸಂಕೇತವು ಬಂದಾಗ ಎಂಟನೆಯ ಸರ್ವರಿನಲ್ಲಿ ವರ್ಷಗಳಿಂದ ಮಲಗಿದ್ದ ಹಳೆಯ ಕೋಡ್ ಎದ್ದಿತು. ಪೇಟೆ ತೆರೆಯುವುದಕ್ಕೆ ಮುಂಚೆಯೇ ದೋಷಸೂಚನೆಯ 97 ಇ-ಮೇಲುಗಳು ಸಿಬ್ಬಂದಿಗೆ ಬಂದಿದ್ದುವು. ಅವನ್ನು ಎಚ್ಚರಿಕೆಯೆಂದು ಯಾರೂ ಎಣಿಸಲಿಲ್ಲ. ಗಾಬರಿಯಲ್ಲಿ ಸರಿಯಿದ್ದ 7 ಸರ್ವರುಗಳಿಂದಲೂ ಹೊಸ ಕೋಡನ್ನು ತೆಗೆದುದರಿಂದ ಕೇಡು ಹೆಚ್ಚಿತು. 45 ನಿಮಿಷಗಳಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ನಡೆದುಹೋದುವು. ನಷ್ಟವು 46 ಕೋಟಿ ಡಾಲರಿಗೂ ಮೀರಿತು. ಪ್ರತಿಗಳೆಲ್ಲ ಒಂದೇ ಪಾಠದಲ್ಲಿವೆಯೆಂದು ಎರಡನೆಯವರೊಬ್ಬರು ನೋಡುವ ಪದ್ಧತಿಯೇ ಅಲ್ಲಿರಲಿಲ್ಲ.

2024ರ ಜುಲೈ 19ರಂದು ನಡೆದುದು ಇದಕ್ಕೆ ವಿಪರೀತ. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ತನ್ನ ರಕ್ಷಣಾ ಸಾಫ್ಟ್‌ವೇರಿನ ಸಂರಚನೆಯ ಕಡತವೊಂದನ್ನು ಲೋಕದಾದ್ಯಂತ ಒಂದೇ ಸಲಕ್ಕೆ ಕಳುಹಿಸಿತು. ಕಡತದ ನಮೂನೆಯಲ್ಲಿ 21 ಅಂಶಗಳು. ಅದನ್ನು ಓದುವ ಕೋಡಿಗೆ ದೊರೆಯುತ್ತಿದ್ದುದು 20. ಮುಂಚಿನ ಪರೀಕ್ಷೆಗಳಲ್ಲಿ 21ನೆಯ ಅಂಶಕ್ಕೆ ‘ಏನಿದ್ದರೂ ಸರಿ’ ಎಂಬ ಗುರುತನ್ನು ಕೊಟ್ಟಿದ್ದುದರಿಂದ ಕೊರತೆಯು ಕಂಡಿರಲಿಲ್ಲ. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದುವೆಂದು ಮೈಕ್ರೋಸಾಫ್ಟಿನವರು ಅಂದಾಜು ಮಾಡಿದರು. ಭಾರತದ ವಿಮಾನನಿಲ್ದಾಣಗಳಲ್ಲಿ ಪ್ರಯಾಣದ ಚೀಟಿಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಸಂಸ್ಥೆಯು 78 ನಿಮಿಷಗಳಲ್ಲಿ ಕಡತವನ್ನು ಹಿಂದಕ್ಕೆ ಪಡೆಯಿತು. ಆದರೆ ಅಷ್ಟರಲ್ಲಿ ನಿಂತ ಯಂತ್ರಗಳಲ್ಲಿ ಬಹುಪಾಲು ಎದ್ದು ತಿದ್ದುಪಡಿಯನ್ನು ಪಡೆಯುವ ಸ್ಥಿತಿಯಲ್ಲಿರಲಿಲ್ಲ. ಜನರು ಅವುಗಳ ಬಳಿಗೆ ಒಂದೊಂದಾಗಿ ಹೋಗಿ, ಕೈಯಿಂದ ಆ ಕಡತವನ್ನು ಅಳಿಸಬೇಕಾಯಿತು.